ಎರೆಹುಳದ ನಡುಗಟ್ಟೆ

ವೈಟ್‌ಫೀಲ್ಡ್
10 ಜೂನ್ 2024

ಮುರಿಗೆಪ್ಪ ಅವರಿಗೆ ನಮಸ್ಕಾರ.

ನಿಮಗೆ ನಾಲ್ಕು ಸಲ ಫೋನ್ ಮಾಡಿದೆ. ಐದನೆಯ ಸಲ ನಿಮ್ಮ ಪಾಲುದಾರರಾದ ಹನುಮೇಶ ಅವರು ಎತ್ತಿದರು. ಮೂವತ್ತು ವರ್ಷ ಪವರ್ ಪ್ರೆಸ್ಸಿನ ಪಕ್ಕ ನಿಂತು ನಿಮ್ಮ ಕಿವಿ ಮಂದವಾಗಿದೆಯಂತೆ. ಬಾಯಲ್ಲಿ ಹೇಳಿದ ಅಳತೆಗೆ ನೀವು ಕೆಲಸ ಹಿಡಿಯುವುದಿಲ್ಲವಂತೆ. ಮೆಸೇಜ್ ಹಾಕಲೇ ಎಂದು ಕೇಳಿದೆ. "ಅವನ ಫೋನು ಡ್ರಾಯರಲ್ಲಿ ಮಲಗಿರುತ್ತೆ ಮೇಡಂ, ಕಾಗದಾನೇ ಬರೀರಿ" ಎಂದರು. ಹಾಗಾಗಿ ಈ ಪತ್ರ.

ನಾನು ರಕ್ಷಿತಾ. ಇಲ್ಲಿನ ಒಂದು ಸಂಶೋಧನಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನಗೆ ಲೋಹದ ಒಂದು ತಟ್ಟೆ ಬೇಕು. ಉದ್ದ ಮೂವತ್ತು ಸೆಂಟಿಮೀಟರ್, ಅಗಲ ಐದು. ನಟ್ಟನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಟ್ಟೆ. ಅದರ ತಲೆಯಲ್ಲಿ ಸಣ್ಣ ಗುಳಿ ಇರಬೇಕು. ಆ ಗುಳಿಗೆ ಮೇಣ ಹೊಯ್ದು ಸೂಜಿ ಚುಚ್ಚುತ್ತೇವೆ. ತೊಳೆಯುವುದಕ್ಕೆ ಕಟ್ಟೆಯನ್ನು ಬಿಚ್ಚುವಂತಿರಬೇಕು, ಆದರೆ ಸ್ಕ್ರೂ ಹಾಕಿದ ಮೇಲೆ ಒಂದಿಷ್ಟೂ ಅಲುಗಬಾರದು. ಚಿತ್ರ ಇದರ ಜೊತೆಗಿದೆ.

ಒಂದೇ ಒಂದು ತಟ್ಟೆ ಎಂದ ಕೂಡಲೇ ಎರಡು ಕಡೆ ಆಗುವುದಿಲ್ಲ ಎಂದರು. ನೀವು ಒಂದನ್ನೂ ಮಾಡಿಕೊಡುತ್ತೀರಿ ಎಂದು ಕೇಳಿದ್ದೇನೆ.

ಇತಿ,
ರಕ್ಷಿತಾ

ಪೀಣ್ಯ ಎರಡನೇ ಹಂತ
15 ಜೂನ್ 2024

ಮೇಡಂ ಅವರಿಗೆ ಮುರಿಗೆಪ್ಪ ಮಾಡುವ ಶರಣಾರ್ಥಿ.

ನಿಮ್ಮ ಅಕ್ಷರ ದುಂಡಗಿದೆ, ಅಳತೆ ಎಲ್ಲ ಓದಲು ಬಂತು. ಒಂದನ್ನು ಮಾಡುವುದೂ ನೂರನ್ನು ಮಾಡುವಷ್ಟೇ ಕೆಲಸ. ಆದರೆ ನೂರರಲ್ಲಿ ಬೇಸರ ಜಾಸ್ತಿ. ಹಿಡಿದಿದ್ದೇನೆ.

ಹನುಮೇಶ ಬೆಲೆ ಮಾತಾಡಲು ನಿಮ್ಮಲ್ಲಿಗೆ ಬಂದಾಗ ಡಬ್ಬಿಯಲ್ಲಿ ಎರೆಹುಳು ನೋಡಿದನಂತೆ. ಬಂದವನೇ ಇಡೀ ಶೆಡ್ಡಿಗೆ ಕೇಳುವ ಹಾಗೆ, ಅಂದರೆ ನನಗೂ ಕೇಳುವ ಹಾಗೆ, "ಏನ್ ಗುರು, ಎರೆಹುಳಕ್ಕೆ ಮಂಚ ಮಾಡ್ತಿದೀಯಾ" ಎಂದ. ಅಂದಿನಿಂದ ಅಕ್ಕಪಕ್ಕದ ಶೆಡ್ಡಿನವರು ಬಂದು, ಮಂಚಕ್ಕೆ ಸೊಳ್ಳೆಪರದೆ ಬೇಡವೇ ಎಂದು ವಿಚಾರಿಸಿ ಹೋಗುತ್ತಿದ್ದಾರೆ.

ನಾನು ಕೊಪ್ಪಳದ ಕಡೆಯವನು. ನಮ್ಮ ಅಜ್ಜಿ ಎರೆಹುಳದ ಮೇಲೆ ಒಂದು ಕತೆ ಹೇಳುತ್ತಿದ್ದಳು. ಮೊದಲು ಎಲುಬು ಇದ್ದದ್ದು ಎರೆಹುಳಕ್ಕೆ, ಹಾವಿಗಲ್ಲ. ಹಾವು ಒಂದು ಮದುವೆಗೆ ಹೊರಟಿತ್ತು. ಹಸೆಯ ಮೇಲೆ ನೆಟ್ಟಗೆ ಕೂರಬೇಕು, ಒಂದು ದಿನದ ಮಟ್ಟಿಗೆ ನಿನ್ನ ಎಲುಬು ಕೊಡು ಎಂದಿತು. ಎರೆಹುಳು ಪಾಪದ್ದು, ಕೊಟ್ಟಿತು. ಹಾವು ಮದುವೆ ಉಂಡು ಹಾಗೇ ಹೋಯಿತು. ಇದು ಇನ್ನೂ ಮಣ್ಣಿನೊಳಗೆ ಅದನ್ನು ಹುಡುಕುತ್ತಿದೆ. ಎಲುಬಿಲ್ಲದ್ದು ನಡೆಯುವುದು ಹೇಗೆ ಎಂದು ನಾವು ಕೇಳಿದರೆ, ಮರ್ಯಾದೆ ಇದ್ದವರು ಹೇಗಾದರೂ ನಡೆಯುತ್ತಾರೆ ಎನ್ನುತ್ತಿದ್ದಳು.

ಈಗ ನನ್ನ ಪ್ರಶ್ನೆ. ಸೂಜಿ ಚುಚ್ಚುವುದು ಆ ಹುಳಕ್ಕೇ ಏನು? ಅದಕ್ಕೆ ನೋವಾಗುವುದಿಲ್ಲವೇ? ತಟ್ಟೆ ಹಿತ್ತಾಳೆಯಲ್ಲಿ ಮಾಡಲೇ? ಹೊಳಪು ಚೆನ್ನಾಗಿ ಬರುತ್ತದೆ.

ಮುರಿಗೆಪ್ಪ

ವೈಟ್‌ಫೀಲ್ಡ್
21 ಜೂನ್ 2024

ಮುರಿಗೆಪ್ಪ ಅವರಿಗೆ,

ಹಿತ್ತಾಳೆ ಖಂಡಿತ ಬೇಡ. ಅದರಲ್ಲಿರುವ ತಾಮ್ರ ಹುಳಕ್ಕೆ ವಿಷ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿ.

ಅಜ್ಜಿಯನ್ನು ನೀವು ಕೇಳುತ್ತಿದ್ದ ಪ್ರಶ್ನೆಗೆ ಉತ್ತರವಿದೆ. ಎರೆಹುಳದ ಮೈ ನೂರಕ್ಕೂ ಹೆಚ್ಚು ಉಂಗುರಗಳ ಸಾಲು. ಒಳಗೆ ತುಂಬಿದ ನೀರೇ ಅದಕ್ಕೆ ಎಲುಬು. ಪ್ರತಿ ಉಂಗುರದಲ್ಲೂ ಎರಡು ಬಗೆಯ ಸ್ನಾಯುಗಳಿವೆ. ಸುತ್ತ ಬಳಸಿದ ಸ್ನಾಯು ಹಿಂಡಿದರೆ ಉಂಗುರ ತೆಳ್ಳಗೆ ಉದ್ದವಾಗುತ್ತದೆ. ಉದ್ದಕ್ಕೆ ಹಾಸಿದ ಸ್ನಾಯು ಹಿಂಡಿದರೆ ಗಿಡ್ಡವಾಗಿ ದಪ್ಪಗಾಗುತ್ತದೆ. ಈ ತೆಳು-ದಪ್ಪ ತಲೆಯಿಂದ ಬಾಲದವರೆಗೆ ಅಲೆಯಂತೆ ಸಾಗುತ್ತದೆ, ಹುಳು ಮುಂದೆ ಹೋಗುತ್ತದೆ.

ಹೊಟ್ಟೆಯ ಕಡೆ ಉದ್ದಕ್ಕೂ ಒಂದು ನರಹುರಿ ಇದೆ. ಅದರಲ್ಲಿ ಉಂಗುರಕ್ಕೊಂದು ಗಂಟು. ಆ ಗಂಟಿನ ನರಕೋಶಗಳು ತಮ್ಮ ಉಂಗುರದ ಸ್ನಾಯುಗಳಿಗೆ ಹಿಂಡು, ಬಿಡು ಎನ್ನುತ್ತವೆ. ಪ್ರತಿ ಹೆಜ್ಜೆಗೂ ತಲೆಯ ಅಪ್ಪಣೆ ಬೇಕಿಲ್ಲ.

ಹಾಗಾದರೆ ಮುಂದಿನ ಉಂಗುರದ ಸುದ್ದಿ ಹಿಂದಿನದಕ್ಕೆ ತಿಳಿಯುವುದು ಹೇಗೆ? ಎರಡು ದಾರಿಗಳು ಗೊತ್ತಿವೆ. ಒಂದು, ನರಹುರಿಯೊಳಗೆ ಗಂಟಿನಿಂದ ಗಂಟಿಗೆ. ಇನ್ನೊಂದು, ಬರಿಯ ಎಳೆತ. ನೂರು ವರ್ಷಕ್ಕೂ ಹಿಂದೆ ಒಬ್ಬರು ಹುಳವನ್ನು ಎರಡು ತುಂಡು ಮಾಡಿ ನಡುವೆ ದಾರ ಕಟ್ಟಿದ್ದರು. ಮುಂದಿನ ತುಂಡು ಎಳೆದಂತೆ ಹಿಂದಿನ ತುಂಡು ಅದೇ ತಾಳದಲ್ಲಿ ಹೆಜ್ಜೆ ಹಾಕಿತು. ಎಳೆತವನ್ನು ಚರ್ಮದ ನರಕೋಶಗಳು ಹಿಡಿದು ತಮ್ಮ ಗಂಟಿಗೆ ಹೇಳುತ್ತವೆ, ಅಷ್ಟೇ.

ಮೂರನೇ ದಾರಿ ಇದೆಯೇ ಎಂಬುದು ನನ್ನ ಪ್ರಶ್ನೆ. ಅದಕ್ಕಾಗಿ ಈ ಎರಡನ್ನೂ ಮುಚ್ಚಬೇಕು. ನಡುವೆ ನರಹುರಿ ಕತ್ತರಿಸುತ್ತೇನೆ. ಅಲ್ಲಿನ ಚರ್ಮವನ್ನು ಸೂಜಿಗಳಿಂದ ನಿಮ್ಮ ಕಟ್ಟೆಗೆ ಕೂರಿಸುತ್ತೇನೆ, ಎಳೆತ ದಾಟದಂತೆ. ಆಮೇಲೂ ಅಲೆ ದಾಟಿದರೆ ಅದು ಹೊಸ ಸಂಗತಿ. ನಾಲ್ಕು ವರ್ಷದಿಂದ ನನ್ನ ಯಾವ ಪ್ರಯೋಗವೂ ನೆಟ್ಟಗೆ ನಿಂತಿಲ್ಲ. ಸೆಪ್ಟೆಂಬರ್ 30ಕ್ಕೆ ಪರಿಶೀಲನಾ ಸಮಿತಿ ಕೂರುತ್ತದೆ. ಇದೂ ಹೋದರೆ ಪಿಎಚ್.ಡಿ. ಇಲ್ಲಿಗೇ ನಿಲ್ಲಬಹುದು ಎಂದು ನನ್ನ ಮಾರ್ಗದರ್ಶಕರಾದ ರಾಜೇಂದ್ರ ಸರ್ ಮೆಲ್ಲಗೆ ಹೇಳಿದ್ದಾರೆ.

ನೋವಿನ ಬಗ್ಗೆ: ಮಂಜುಗಡ್ಡೆಯ ನೀರಿನಲ್ಲಿ ಇಟ್ಟು, ಮೈ ಜಡವಾದ ಮೇಲೆ ಕತ್ತರಿಸುತ್ತೇವೆ. ಆಮೇಲೆ ಏನನ್ನಿಸುತ್ತದೋ, ನಿಜವಾಗಿ ನನಗೆ ಗೊತ್ತಿಲ್ಲ. ಕತ್ತರಿಸಿದ ಹುರಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ಅವನ್ನು ಬ್ರೂಕ್‌ಫೀಲ್ಡಿನ ನಮ್ಮ ಮನೆಯ ಕುಂಡಗಳಿಗೆ ಬಿಡುತ್ತೇನೆ. ಅಮ್ಮನ ದಾಸವಾಳ ಚೆನ್ನಾಗಿ ಬಂದಿದೆ.

ರಕ್ಷಿತಾ

ಪೀಣ್ಯ
9 ಜುಲೈ 2024

ಮೇಡಂ ಅವರಿಗೆ ಶರಣು.

ತಟ್ಟೆ ಹನುಮೇಶನ ಕೈಲಿ ಕಳಿಸಿದ್ದೇನೆ. ಉದ್ದ, ಅಗಲ, ಗುಳಿ ಎಲ್ಲ ಚಿತ್ರದಂತಿದೆ. ಅಂಚುಗಳನ್ನು ಬೆರಳಾಡಿಸಿ ನೋಡಿ, ಎಲ್ಲೂ ತರಚುವುದಿಲ್ಲ. ಹುಳದ ಮೈ ಮೆತ್ತಗಿರುತ್ತದೆ ಎಂದು ಮೂರು ಸಲ ಪಾಲಿಶ್ ಹೊಡೆದೆ.

ನಡುಗಟ್ಟೆಯ ಸ್ಕ್ರೂ ಬಿಗಿ ಮಾಡಿದ್ದೇನೆ. ತೊಳೆಯುವಾಗ ಬಿಚ್ಚಬೇಕಿಲ್ಲ, ಬಿಸಿನೀರು ಹೊಯ್ದರೆ ಸಾಕು. ಬಿಚ್ಚದಿದ್ದರೇ ಒಳ್ಳೆಯದು.

ಮೆಟ್ರೋದಲ್ಲಿ ಯಾರಾದರೂ ಇದೇನು ಎಂದು ಕೇಳಿದರೆ ಮೀನು ಹುರಿಯುವ ತಟ್ಟೆ ಎನ್ನುತ್ತೇನೆ ಎಂದು ಹನುಮೇಶ ಹೇಳಿ ಹೊರಟಿದ್ದಾನೆ. ಏನಂದನೋ ನೀವೇ ಕೇಳಿ.

ಮುರಿಗೆಪ್ಪ

ವೈಟ್‌ಫೀಲ್ಡ್
19 ಆಗಸ್ಟ್ 2024

ಮುರಿಗೆಪ್ಪ ಕಾಕಾ,

ಕಾಕಾ ಎಂದದ್ದಕ್ಕೆ ಬೇಸರವಿಲ್ಲ ತಾನೆ? ನಮ್ಮ ತಂದೆಯ ಊರು ಹಾವೇರಿ. ಸಂತೋಷವಾದಾಗ ನಮ್ಮ ಮನೆಯಲ್ಲಿ ಆ ಕಡೆಯ ಮಾತೇ ಬರುತ್ತದೆ.

ಅಲೆ ದಾಟಿತು. ಹುರಿ ಕತ್ತರಿಸಿ, ನಡುವನ್ನು ಎಂಟು ಸೂಜಿಗಳಿಂದ ಕಟ್ಟೆಗೆ ಕೂರಿಸಿದ ಮೇಲೆ ಮುಂದಿನ ಅರ್ಧ ನಡೆಯತೊಡಗಿತು. ಅಲೆ ಕಟ್ಟೆಯವರೆಗೆ ಬಂತು, ಕಣ್ಣು ಮಿಟುಕಿಸುವಷ್ಟು ತಡೆಯಿತು, ಆಮೇಲೆ ಆಚೆ ಬದಿಯಲ್ಲಿ ಎದ್ದಿತು. ಒಂದು ಹುಳದಲ್ಲಲ್ಲ ಕಾಕಾ, ಹದಿನಾಲ್ಕರಲ್ಲಿ ಹನ್ನೊಂದರಲ್ಲಿ. ರಾಜೇಂದ್ರ ಸರ್ ಸ್ಟೂಲ್ ಎಳೆದುಕೊಂಡು ಒಂದು ಗಂಟೆ ಕೂತು ನೋಡಿದರು. ಕೊನೆಗೆ, "ಬಹುಶಃ ಮೈಯೊಳಗಿನ ನೀರಿನಲ್ಲೇ ಏನೋ ರಾಸಾಯನಿಕ ಹೋಗುತ್ತಿದೆ, ಬರೆಯಲು ಶುರು ಮಾಡು" ಎಂದರು. ನಾಲ್ಕು ವರ್ಷದಲ್ಲಿ ಅವರು ಬರೆ ಎಂದದ್ದು ಇದೇ ಮೊದಲು.

ನರದ ದಾರಿ ಕತ್ತರಿಸಿದೆ. ಕಟ್ಟೆ ತಳಕ್ಕೆ ಬಿಗಿದಿರುವುದರಿಂದ ಎಳೆತದ ದಾರಿಯೂ ಇಲ್ಲ. ಉಳಿದದ್ದು ಮೂರನೆಯದೇ.

ಪುಣೆಯಲ್ಲಿ ಒಬ್ಬರು ಇದೇ ಪ್ರಯೋಗವನ್ನು ಮಾಡಿ ನೋಡಲು ಒಪ್ಪಿದ್ದಾರೆ. ಅವರಿಗೆ ಅಚ್ಚುಕಟ್ಟಾಗಿ ಇದೇ ಥರದ ಇನ್ನೊಂದು ತಟ್ಟೆ ಬೇಕು. ಸೆಪ್ಟೆಂಬರ್ ಮೊದಲ ವಾರಕ್ಕೆ ಆಗುತ್ತದೆಯೇ?

ನಿಮ್ಮ ರಕ್ಷಿತಾ

ಪೀಣ್ಯ
31 ಆಗಸ್ಟ್ 2024

ತಂಗಿ ರಕ್ಷಿತಾಗೆ,

ಪತ್ರ ಬಂದು ಹತ್ತು ದಿನವಾಯಿತು. ಇಲ್ಲಿ ಕರೆಂಟು ಸರಿ ಇಲ್ಲ. ಹನುಮೇಶನ ಮಂಡಿ ನೋವು. ತಟ್ಟೆ ಇನ್ನೂ ಕೈಗೆ ಹತ್ತಿಲ್ಲ.

ಒಂದು ಕೇಳುತ್ತೇನೆ. ಆ ಸಮಿತಿಯ ತಾರೀಕು ಮುಂದೆ ಹೋಗುವುದಿಲ್ಲವೇ? ಕಟ್ಟೆ ಅಲುಗಿದರೆ ನಿಮ್ಮ ಪ್ರಯೋಗಕ್ಕೆ ಎಷ್ಟು ತೊಂದರೆ? ಸುಮ್ಮನೆ ತಿಳಿಯಲು ಕೇಳಿದೆ.

ಮುರಿಗೆಪ್ಪ

ವೈಟ್‌ಫೀಲ್ಡ್
5 ಸೆಪ್ಟೆಂಬರ್ 2024

ಮುರಿಗೆಪ್ಪ ಅವರಿಗೆ,

ಕಟ್ಟೆ ಅಲುಗಿದರೆ ಎಲ್ಲ ಹೋಯಿತು. ಅದಕ್ಕೇ ಮೊದಲ ಪತ್ರದಲ್ಲೇ ಬರೆದಿದ್ದೆ. ಹೊಸ ತಟ್ಟೆಯಲ್ಲೂ ಅದನ್ನು ಮರೆಯಬೇಡಿ.

ನಿಮಗೆ ದೊಡ್ಡ ಆರ್ಡರ್‌ಗಳಿರುತ್ತವೆ, ಎರೆಹುಳದ ಮಂಚ ಅವುಗಳ ಮುಂದೆ ಸಣ್ಣದು ಎಂದು ಗೊತ್ತು. ಆಗುವುದಿಲ್ಲವಾದರೆ ಒಂದು ಸಾಲು ಬರೆದುಬಿಡಿ, ಬೇರೆ ಕಡೆ ನೋಡುತ್ತೇನೆ. ತಾರೀಕು ಬದಲಾಗುವುದಿಲ್ಲ. ಸಮಿತಿಗೆ ಸಾರಾಂಶ ಕಳಿಸಿಯಾಗಿದೆ.

ರಕ್ಷಿತಾ

ಪೀಣ್ಯ
8 ಸೆಪ್ಟೆಂಬರ್ 2024

ತಂಗಿ ರಕ್ಷಿತಾ,

ಆರ್ಡರ್ ಇಲ್ಲ, ಕರೆಂಟೂ ಇದೆ. ಹನುಮೇಶನ ಮಂಡಿ ಅವನು ಹುಟ್ಟಿದಾಗಿನಿಂದ ಹಾಗೇ ಇದೆ. ನಾನು ಹೇಳದೆ ಕೂತದ್ದು ಬೇರೆ.

ನಿನ್ನ ಕಟ್ಟೆ ಅಲುಗುತ್ತದೆ.

ಸೂಜಿ ಚುಚ್ಚುತ್ತೀರಿ ಎಂದು ಓದಿದ ದಿನದಿಂದ ನನಗೆ ಆ ಹುಳದ್ದೇ ಚಿಂತೆ. ಎರಡು ತುದಿಯೂ ನಡೆಯಲು ಹೊರಟಿರುವಾಗ ನಡು ಮಾತ್ರ ಕಬ್ಬಿಣಕ್ಕೆ ಕಚ್ಚಿಕೊಂಡಿದ್ದರೆ ಚರ್ಮ ಹರಿಯದೇ ಇರುತ್ತದೆಯೇ? ನಮ್ಮ ಕೆಲಸದಲ್ಲಿ ಬಿಸಿಗೆ ಹಿಗ್ಗುವ ಪಟ್ಟಿಗೆ ದುಂಡು ತೂತು ಹಾಕುವುದಿಲ್ಲ, ಉದ್ದ ತೂತು ಹಾಕುತ್ತೇವೆ. ಸ್ಕ್ರೂ ಬಿಗಿಯಾಗಿ ಕಂಡರೂ ಪಟ್ಟಿಗೆ ಸರಿದುಕೊಳ್ಳಲು ಜಾಗ ಇರುತ್ತದೆ. ನಿನ್ನ ಕಟ್ಟೆಗೂ ಹಾಗೇ ಮಾಡಿದೆ. ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಯುತ್ತದೆ. ಕೈಗೆ ಗೊತ್ತಾಗುವುದಿಲ್ಲ. ಹೇಳಿದರೆ ಬೇಡ ಎನ್ನುತ್ತೀ ಎಂದು ಹೇಳಲಿಲ್ಲ. ಬಿಚ್ಚಬೇಡ ಎಂದದ್ದೂ ಅದಕ್ಕೇ.

ಅಲೆ ದಾಟಿತು ಎಂದು ನೀನು ಬರೆದಾಗ ಮೊದಲ ದಿನ ನಾನೂ ಕುಣಿದೆ. ಮರುದಿನ ಎದುರು ಸೈಟಿನಲ್ಲಿ ತಾರಸಿಗೆ ಮೋಲ್ಡ್ ಹಾಕುತ್ತಿದ್ದರು. ಯಾದಗಿರಿ ಕಡೆಯವರು, ಮೂವತ್ತು ಜನ ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿ ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಕೆಳಗಿನಿಂದ ಮೇಲಿನವರೆಗೆ ಆ ಸಾಲು ಹುಳದ ಮೈಯಂತೆಯೇ ಅಲೆಯಾಡುತ್ತಿತ್ತು. ಮೇಸ್ತ್ರಿ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಚಹಾ ಹೊತ್ತಿನಲ್ಲಿ ಆ ಸಾಲಿನ ಮಲಕವ್ವ ಎಂಬುವಳನ್ನು ಕೇಳಿದೆ: ಯಾವಾಗ ತಿರುಗಬೇಕು ಎಂದು ನಿನಗೆ ಯಾರು ಹೇಳುತ್ತಾರೆ? ಅವಳು ನನ್ನ ಕಿವಿಗೆ ಬಾಯಿ ಹಚ್ಚಿ, "ಯಾರ್ ಹೇಳಬೇಕೋ ಯಪ್ಪಾ, ಕೈಗೆ ಭಾರ ಬಂತಂದ್ರ ತಿರುಗತೀನಿ" ಎಂದಳು.

ಆಗ ನಿನ್ನ ದಾರದ ಮಾತು ನೆನಪಾಯಿತು. ಮುಂದಿನ ಅರ್ಧ ಎಳೆದಾಗ ಕಟ್ಟೆ ಅಷ್ಟಿಷ್ಟು ಮುಂದೆ ಸರಿದಿರುತ್ತದೆ. ಸರಿದ ಕಟ್ಟೆ ಹಿಂದಿನ ಅರ್ಧದ ಚರ್ಮ ಜಗ್ಗಿರುತ್ತದೆ. ಅದರ ಕೈಗೆ ಭಾರ ಬಂತು, ಅದು ತಿರುಗಿತು. ಮೂರನೇ ದಾರಿ ಅಲ್ಲ ತಂಗಿ, ಅದು ಎರಡನೆಯದೇ. ದಾರದ ಬದಲು ನನ್ನ ಕಟ್ಟೆ.

ಹೊಸ ತಟ್ಟೆಗೂ ಉದ್ದ ತೂತು ಹಾಕಿದರೆ ಪುಣೆಯಲ್ಲೂ ಅಲೆ ದಾಟುತ್ತದೆ, ಎಲ್ಲರೂ ಸಂತೋಷವಾಗಿರುತ್ತಾರೆ ಎಂದು ಎರಡು ದಿನ ಯೋಚಿಸಿದ್ದೂ ಉಂಟು. ಡ್ರಿಲ್ಲಿನ ಕೆಳಗೆ ಇಟ್ಟೆ, ಕೈ ಬರಲಿಲ್ಲ.

ಇದರ ಜೊತೆ ಒಂದು ಉಕ್ಕಿನ ಬೆಣೆ ಇಟ್ಟಿದ್ದೇನೆ. ಹುಳದ ಬಾಲ ಬರುವ ಬದಿಯಲ್ಲಿ, ಸ್ಕ್ರೂ ಪಕ್ಕದ ಉದ್ದ ತೂತಿನ ಸಂದಿಗೆ ಅದನ್ನು ಹೆಬ್ಬೆರಳಿನಿಂದ ಒತ್ತು. ಕಟ್ಟೆ ಕಲ್ಲಾಗುತ್ತದೆ. ನೀನೇ ನೋಡು. ನಾನು ಹೇಳಿದ್ದು ಸುಳ್ಳಾಗಲಿ.

ಮುರಿಗೆಪ್ಪ

ವೈಟ್‌ಫೀಲ್ಡ್
11 ಸೆಪ್ಟೆಂಬರ್ 2024

ಬೆಣೆ ಒತ್ತಿದೆ. ಅಲೆ ನಿಂತಿತು.

ರಕ್ಷಿತಾ

ಪೀಣ್ಯ
22 ಸೆಪ್ಟೆಂಬರ್ 2024

ತಂಗಿ ರಕ್ಷಿತಾ,

ನಿನ್ನ ಒಂದು ಸಾಲು ಬಂದು ಒಂಬತ್ತು ದಿನವಾಯಿತು. ಹನುಮೇಶನಿಗೆ ಎಲ್ಲ ಹೇಳಿದೆ. ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. "ಹುಳಕ್ಕೆ ಪಾಪ ಅಂದೆ, ಆ ಹುಡುಗಿಗೆ ಪಾಪ ಅನ್ನಲಿಲ್ಲವಲ್ಲೋ" ಎಂದು ಟಿಫಿನ್ ಡಬ್ಬಿ ಮುಚ್ಚಿಕೊಂಡು ಎದ್ದುಹೋದ. ಬಯ್ದಿದ್ದರೆ ಚೆನ್ನಾಗಿತ್ತು.

ಸಮಿತಿಯ ಎದುರು ನಾನು ಬಂದು, ತಪ್ಪು ನನ್ನದು ಎಂದು ಹೇಳಬಹುದೇ? ಕಿವಿ ಕೇಳದಿದ್ದರೂ ಹೇಳಲು ಬರುತ್ತದೆ. ಇಲ್ಲವೇ ಬರೆದುಕೊಡುತ್ತೇನೆ.

ಮುರಿಗೆಪ್ಪ

ವೈಟ್‌ಫೀಲ್ಡ್
3 ಅಕ್ಟೋಬರ್ 2024

ಮುರಿಗೆಪ್ಪ ಕಾಕಾ,

ಮೊದಲು ಸಿಟ್ಟಿನ ವಿಷಯ ಮುಗಿಸುತ್ತೇನೆ. ಮೂರು ದಿನ ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ನಾಲ್ಕನೆಯ ದಿನ ನನ್ನ ಮೇಲೆ ಬಂತು. ಬಿಚ್ಚಬೇಡಿ ಎಂದು ನೀವು ಬರೆದಿದ್ದಿರಿ. ನಾನು ಬಿಚ್ಚಲಿಲ್ಲ. ಕಟ್ಟೆ ಬಿಗಿಯಾಗಿದೆಯೇ ಎಂದು ಒಂದು ಅಳತೆಗೋಲಿಟ್ಟು ನೋಡುವುದು ನನ್ನ ಕೆಲಸವಾಗಿತ್ತು, ನಿಮ್ಮದಲ್ಲ. ಬಯಸಿದ ಫಲಿತಾಂಶ ಬಂದಾಗ ನಾನು ನೋಡಲೇ ಇಲ್ಲ.

ಐದನೆಯ ದಿನ ಬೆಣೆ ತೆಗೆದೆ. ಅಲೆ ದಾಟಿತು. ಒತ್ತಿದೆ, ನಿಂತಿತು. ತೆಗೆದೆ, ದಾಟಿತು. ಅದೇ ಹುಳು, ಅದೇ ಸೂಜಿಗಳು, ನನ್ನ ಹೆಬ್ಬೆರಳು ಮಾತ್ರ ಹೋಗಿ ಬರುತ್ತಿತ್ತು. ಆ ಕ್ಷಣ ಅನ್ನಿಸಿತು: ದಾರ ಕಟ್ಟಿದವರು ಎಳೆತ ಸಾಕು ಎಂದು ತೋರಿಸಿದರು. ಆದರೆ ಎಷ್ಟು ಎಳೆತ ಸಾಕು? ಎಷ್ಟು ಸಣ್ಣದನ್ನು ಆ ಚರ್ಮದ ನರಕೋಶ ಹಿಡಿಯುತ್ತದೆ? ದಾರದಲ್ಲಿ ಅದನ್ನು ಅಳೆಯಲಾಗುವುದಿಲ್ಲ. ನಿಮ್ಮ ಕಟ್ಟೆಯಲ್ಲಿ ಅಳೆಯಬಹುದು. ಸಂದಿಗೆ ತೆಳು ತಗಡಿನ ಚೂರುಗಳನ್ನು ತುಂಬಿ ಜಾಗ ಕಿರಿದು ಮಾಡುತ್ತ ಹೋದೆ. ಕಾಲು ಮಿಲಿಮೀಟರಿಗೆ ಇಳಿದಾಗಲೂ ಅಲೆ ದಾಟಿತು.

ಮೂವತ್ತನೇ ತಾರೀಕು ಸಮಿತಿಯ ಎದುರು ನಿಂತು, ನಾನು ಕಳಿಸಿದ ಸಾರಾಂಶ ತಪ್ಪು ಎಂದೇ ಶುರು ಮಾಡಿದೆ. ನಿಮ್ಮನ್ನು ಕರೆಯದಿದ್ದದ್ದು ಅದಕ್ಕೇ, ಅದನ್ನು ಹೇಳಬೇಕಾದವಳು ನಾನು. ಆಮೇಲೆ ಬೆಣೆಯ ಆಟ ತೋರಿಸಿದೆ. ಒಬ್ಬ ಹಿರಿಯರು ಎದ್ದು ಬಂದು ತಾವೇ ಮೂರು ಸಲ ಒತ್ತಿ, ತೆಗೆದು ನೋಡಿದರು. ರಾಜೇಂದ್ರ ಸರ್ ಕೊನೆಗೆ ಕೇಳಿದರು, "ಈ ಉದ್ದ ತೂತು ಹಾಕಿದ್ದು ಯಾರು?" ಪೀಣ್ಯದವರು ಸರ್ ಎಂದೆ. "ಬೇರೆ ಬೇರೆ ಅಳತೆಗೆ ಹಾಕಿಕೊಡ್ತಾರಾ ಕೇಳು" ಎಂದರು.

ನನ್ನ ಪ್ರಬಂಧದ ಈ ಅಧ್ಯಾಯ ಉಳಿಯಿತು ಕಾಕಾ. ಹೆಸರು ಬದಲಾಗಿದೆ, ಎಂಟು ತಿಂಗಳು ಹೆಚ್ಚು ಸಿಕ್ಕಿದೆ. ಮೂರನೇ ದಾರಿ ಇಲ್ಲ, ಇರಲಿ. ಪುಣೆಯವರಿಗೂ ಹಾಗೇ ಬರೆದೆ.

ಆರು ಕಟ್ಟೆಗಳು ಬೇಕು. ಒಂದೊಂದೂ ಬೇರೆ ಬೇರೆಯಷ್ಟು ಸರಿಯುವಂಥದ್ದು. ಅಳತೆಗಳ ಪಟ್ಟಿ ಇಟ್ಟಿದ್ದೇನೆ. ಪ್ರಬಂಧದಲ್ಲಿ ಒಂದು ವಾಕ್ಯ ಬರೆದಿದ್ದೇನೆ. ಇಂಗ್ಲಿಷಿನಲ್ಲಿದೆ, ನಿಮಗಾಗಿ ಕನ್ನಡ ಮಾಡಿದೆ: "ಮೊದಲ ಕಟ್ಟೆ ಅರ್ಧ ಮಿಲಿಮೀಟರ್ ಸರಿಯುವಂತಿತ್ತು. ಪ್ರಾಣಿಯ ಚರ್ಮ ಹರಿಯದಿರಲಿ ಎಂದು ಹಾಗೆ ಮಾಡಿದವರು ಪೀಣ್ಯದ ಮುರಿಗೆಪ್ಪ. ಈ ಅಧ್ಯಾಯದ ಪ್ರಶ್ನೆ ಅಲ್ಲಿಂದ ಹುಟ್ಟಿತು." ಒಪ್ಪಿಗೆಯೇ?

ಅಂದ ಹಾಗೆ, ಹದಿನಾಲ್ಕು ಹುಳಗಳಲ್ಲಿ ಒಂದರ ಚರ್ಮವೂ ಹರಿದಿರಲಿಲ್ಲ.

ನಿಮ್ಮ ರಕ್ಷಿತಾ

ಪೀಣ್ಯ
26 ಅಕ್ಟೋಬರ್ 2024

ತಂಗಿ ರಕ್ಷಿತಾ,

ಆರು ಕಟ್ಟೆಗಳನ್ನು ಹನುಮೇಶನ ಕೈಲಿ ಕಳಿಸಿದ್ದೇನೆ. ಒಂದೊಂದರ ಹೊಟ್ಟೆಯಲ್ಲೂ ಅಳತೆ ಕೊರೆದಿದ್ದೇನೆ. ಎಲ್ಲದರ ಸ್ಕ್ರೂ ಬಿಚ್ಚಿ, ನಿನ್ನ ಅಳತೆಗೋಲು ಇಟ್ಟು ನೋಡಿ, ಆಮೇಲೆ ಹಾಕು. ನನ್ನ ಮಾತು ನಂಬಬೇಡ. ಹನುಮೇಶ ಈ ಸಲ ಹುಳು ನಡೆಯುವುದನ್ನು ನೋಡಿಯೇ ಬರುತ್ತೇನೆ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಿದ್ದಾನೆ. ಒಂದು ಸ್ಟೂಲ್ ಕೊಡು, ಮಂಡಿ ನೋವು.

ನಿನ್ನ ವಾಕ್ಯ ನಾಲ್ಕು ಸಲ ಓದಿದೆ. ಒಪ್ಪಿಗೆ. ಮಲಕವ್ವನಿಗೂ ಓದಿ ಹೇಳಿದೆ. ಇಷ್ಟಕ್ಕೆ ಇಷ್ಟು ಓದಬೇಕೇನು ಎಂದಳು.

ಆದರೆ ಅದರಲ್ಲಿ ಒಂದು ತಿದ್ದಬೇಕು. ಅರ್ಧ ಎಂದು ನಾನು ಬರೆದದ್ದು ಅಂದಾಜು. ನಾನು ಯಾವಾಗಲೂ ಒಂದರ ಬದಲು ಎರಡು ಮಾಡಿ, ಒಂದನ್ನು ಇಲ್ಲಿ ಇಟ್ಟುಕೊಳ್ಳುತ್ತೇನೆ. ನಿನ್ನ ಕಟ್ಟೆಯ ಜೋಡಿಯನ್ನು ಹೊರಗೆ ತೆಗೆದು, ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದೆ. ಅರ್ಧ ಅಲ್ಲ, ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ನಲವತ್ತಾರು. ನಿನ್ನ ಹತ್ತಿರ ಇರುವುದನ್ನೂ ಅಳೆದು, ಬಂದ ಅಂಕಿಯನ್ನೇ ಬರೆ.

ಮುರಿಗೆಪ್ಪ ಕಾಕಾ